ಮೂರನೆಯ ಪಾಪ

ಫಖರುನ್ನಿಸಾ ಆಪಾರ ವ್ಯಾನಿನೊಳಗೆ ಕೂತರೆ ಮೊದಲು ಮೂಗಿಗೆ ಬರುತ್ತಿದ್ದುದು ಕೊತ್ತಂಬರಿ ಸೊಪ್ಪಿನ ವಾಸನೆ, ಆಮೇಲೆ ಈರುಳ್ಳಿಯದು. ಅವರ ಗಂಡ ಮೆಹಬೂಬ್ ಸಾಬರು ಸೇತುವೆಯಾಚೆ ಹೇವರ್ಡ್‌ನಲ್ಲಿ ಗ್ರೋಸರಿ ಅಂಗಡಿ ಇಟ್ಟಿದ್ದರು. ಬುಧವಾರ ಅಂಗಡಿಗೆ ಸಾಮಾನು ತರುವ ಕೆಲಸ ಇರುತ್ತಿರಲಿಲ್ಲ. ಹಾಗಾಗಿ ವಾರಕ್ಕೊಂದು ಮಧ್ಯಾಹ್ನ ಆ ವ್ಯಾನು ನಮ್ಮದಾಗುತ್ತಿತ್ತು. ಮುಂದೆ ಆಪಾ ಮತ್ತು ನಾನು. ಹಿಂದೆ ಉಳಿದಿದ್ದ ಒಂದೇ ಸೀಟಿನಲ್ಲಿ, ಬಾಸ್ಮತಿ ಚೀಲಕ್ಕೆ ಒರಗಿಕೊಂಡು ಚೆಲುವಾಂಬ. ಮೂವರೂ ಸಿನಿಮಾಕ್ಕೆ ಹೊರಟಿರುತ್ತಿದ್ದೆವು. ಹೆಂಗಸರನ್ನು ಹಿಂಸೆ ಕೊಟ್ಟು ಸಾಯಿಸುವ ಸಿನಿಮಾಕ್ಕೆ.

ಹಾಗೆ ಹೆಸರಿಟ್ಟವರು ಆಪಾನೇ. ಬುಧವಾರ ಬೆಳಿಗ್ಗೆ ಕೆಳಗಿನ ಮನೆಯಿಂದ ಫೋನು ಮಾಡಿ, "ಏನ್ ವಸು, ಇವತ್ತು ಯಾರನ್ನ ಸಾಯಿಸ್ತಾರಂತೆ?" ಎಂದು ಕೇಳುತ್ತಿದ್ದರು.

ಅದು ಎರಡು ಸಾವಿರನೇ ಇಸವಿಯ ವಸಂತ. ಪ್ರಪಂಚದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಹೆದರಿಸಿದ್ದ ಹೊಸ ವರ್ಷ ಏನೂ ಆಗದೆ ಕಳೆದಿತ್ತು. ಫ್ರೀವೇ ಪಕ್ಕದ ದೊಡ್ಡ ಬೋರ್ಡುಗಳ ಮೇಲೆ ದಿನಕ್ಕೊಂದು ಹೊಸ ಡಾಟ್ ಕಾಮ್ ಹೆಸರು. ನಾಯಿ ಬಿಸ್ಕತ್ತಿನಿಂದ ಸೋಫಾದವರೆಗೆ ಎಲ್ಲವೂ ಮನೆ ಬಾಗಿಲಿಗೇ ಬರುತ್ತಿತ್ತು. ಗಂಡಂದಿರು ಮಾತ್ರ ಮನೆಗೆ ಬರುತ್ತಿರಲಿಲ್ಲ. ನಾವಿದ್ದ ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಮಧ್ಯಾಹ್ನವಾದರೆ ಪಕ್ಕದ ಲಗೂನಿನ ನೀರಿನ ಮೇಲಿಂದ ಗಾಳಿ ಎದ್ದು ಬಾಲ್ಕನಿಯ ಬಟ್ಟೆ ಹಾರಿಸಿಕೊಂಡು ಹೋಗುತ್ತಿತ್ತು. ಅದನ್ನು ಹೆಕ್ಕಲು ಕೆಳಗಿಳಿದ ಹೆಂಗಸರು ಅಲ್ಲೇ ನಿಂತು ಮಾತಾಡುತ್ತಿದ್ದೆವು. ನಮ್ಮ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮಾತಾಡಲು ಅಡ್ಡಿ ಇರಲಿಲ್ಲ.

ಸಿನಿಮಾದ ಚೀಟಿ ಸಿಕ್ಕಿದ್ದು ಬಟ್ಟೆ ಒಗೆಯುವ ರೂಮಿನ ಗೋಡೆಯ ಮೇಲೆ. ಸ್ಯಾನ್ ಮಟೇಯೋದ ಒಂದು ಚರ್ಚಿನ ಹಾಲಿನಲ್ಲಿ, ಬುಧವಾರ ಮಧ್ಯಾಹ್ನ, ಹಳೆಯ ಯೂರೋಪಿನ ಚಿತ್ರಗಳು, ಪ್ರವೇಶ ಉಚಿತ, ಕಾಫಿ ಉಂಟು. ನಡೆಸುತ್ತಿದ್ದವರು ಮಿಸೆಸ್ ಲುಂಡ್ ಎಂಬ ನಿವೃತ್ತ ಶಾಲಾ ಲೈಬ್ರರಿಯನ್. ಎತ್ತರದ ಮುದುಕಿ. ಪ್ರೊಜೆಕ್ಟರಿಗೆ ತಾವೇ ರೀಲು ಏರಿಸುತ್ತಿದ್ದರು, ತಾವೇ ಪರದೆ ಎಳೆಯುತ್ತಿದ್ದರು, ತಾವೇ ಏಲಕ್ಕಿ ಹಾಕಿದ ಬನ್ನು ಮಾಡಿ ತರುತ್ತಿದ್ದರು. ಮೊದಲ ದಿನ ಆ ಬನ್ನು ಮುರಿದ ಕೂಡಲೇ ಚೆಲುವಾಂಬ ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡಳು.

"ಏನೇ, ನಮಾಜ್ ಮಾಡ್ತಿದ್ದೀಯಾ?" ಅಂದರು ಆಪಾ.

"ಇಲ್ಲ ಆಪಾ. ನಮ್ಮಪ್ಪ ಮದ್ದೂರಿಂದ ತರೋ ಸಿಹಿ ಪೊಟ್ಟಣದ ವಾಸ್ನೆ."

ಆ ಮಾಲಿಕೆಗೆ ಮಿಸೆಸ್ ಲುಂಡ್ ಆರಿಸಿದ್ದ ವಿಷಯ, ನೊಂದ ಹೆಣ್ಣು. ಎಲ್ಲ ಕಪ್ಪು ಬಿಳುಪಿನ ಚಿತ್ರಗಳು. ಒಂದರಲ್ಲಿ ಬೆಟ್ಟದೂರಿನ ರೊಟ್ಟಿ ಸುಡುವವಳು. ಊರಿಗೆ ಜ್ವರ ಬಂದಾಗ ಅವಳ ರೊಟ್ಟಿಯಿಂದಲೇ ಬಂತೆಂದು ಅವಳನ್ನು ಊರ ಹೊರಗಟ್ಟುತ್ತಾರೆ. ಇನ್ನೊಂದರಲ್ಲಿ ದೀಪಸ್ತಂಭ ಕಾಯುವವನ ಹೆಂಡತಿ; ಮಾಡದ ಕಳ್ಳತನವನ್ನು ಗಂಡನಿಗಾಗಿ ಹೊತ್ತುಕೊಳ್ಳುತ್ತಾಳೆ. ಎಲ್ಲದರಲ್ಲೂ ಹೆಂಗಸು ಸುಮ್ಮನಿರುತ್ತಿದ್ದಳು. ಸುತ್ತ ಗಂಡಸರು ಮಾತಾಡುತ್ತಿದ್ದರು. ಕೊನೆಗೆ ಕ್ಯಾಮೆರಾ ಅವಳ ಮುಖದ ಹತ್ತಿರ, ಇನ್ನೂ ಹತ್ತಿರ ಹೋಗಿ, ಎಲ್ಲಿಂದಲೋ ಒಂದು ಬೆಳಕು ಬಂದು ಅವಳ ಹಣೆ ಕೆನ್ನೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಅವಳು ಸತ್ತಿರುತ್ತಿದ್ದಳು, ಇಲ್ಲವೇ ಸಾಯುವುದರಲ್ಲಿರುತ್ತಿದ್ದಳು. "ಮುಖ ನೋಡಿ," ಎನ್ನುತ್ತಿದ್ದರು ಮಿಸೆಸ್ ಲುಂಡ್, ಪ್ರತಿ ಸಲವೂ. "ಉಳಿದದ್ದು ಬಿಟ್ಟರೂ ಪರವಾಗಿಲ್ಲ."

"ಲೈಟ್ ಬಿತ್ತು ನೋಡು," ಎಂದು ಆಪಾ ಕತ್ತಲಲ್ಲಿ ನನ್ನ ಕಿವಿಗೆ ಹೇಳುವರು. "ಇವಳ ಕಥೆ ಮುಗೀತು. ಬ್ಯಾಗ್ ಎತ್ಕೊ."

ನನಗೆ ಆ ಚಿತ್ರಗಳ ಹುಚ್ಚು ಹಿಡಿದಿತ್ತು. ಹಾಸನದಲ್ಲಿ ಕಾನ್ವೆಂಟಿನಲ್ಲಿ ಓದುವಾಗ ಗೋಡೆಯ ಮೇಲೆ ನೋಡುತ್ತಿದ್ದ ಸಂತರ ಪಟಗಳು ನೆನಪಾಗುತ್ತಿದ್ದವು. ಒಬ್ಬಳ ಕೈಯಲ್ಲಿ ಚಕ್ರ, ಒಬ್ಬಳ ಎದೆಯಲ್ಲಿ ಬಾಣ, ಮುಖದಲ್ಲಿ ಮಾತ್ರ ಏನೂ ಆಗಿಲ್ಲವೆಂಬ ಶಾಂತಿ. ಹಾಲಿನಿಂದ ಹೊರಬಂದ ಮೇಲೂ ಸಂಜೆಯವರೆಗೆ ನಾನು ನೋಡುವ ಎಲ್ಲ ಹೆಂಗಸರ ಮುಖದ ಮೇಲೆ ಆ ಬೆಳಕೇ ಬಿದ್ದಂತೆ ಕಾಣುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಚೆಲುವಾಂಬಳ ಮುಖದ ಮೇಲೆ.

ಚೆಲುವಾಂಬಳಿಗೆ ಒಂದು ಮಗು ಇತ್ತು. ಅಕ್ಷಯಾ. ಆಗ ಎರಡು ತುಂಬಿತ್ತು. ಆದರೆ ಮಗು ನಮ್ಮ ಅಪಾರ್ಟ್‌ಮೆಂಟಿನಲ್ಲಿರಲಿಲ್ಲ, ಮಂಡ್ಯದ ಹತ್ತಿರದ ಊರಿನಲ್ಲಿ ಅವಳ ಅತ್ತೆ ಬೋರಮ್ಮನವರ ಹತ್ತಿರ ಇತ್ತು.

ಬೋರಮ್ಮನವರು ಬಾಣಂತನಕ್ಕೆಂದು ಬಂದಿದ್ದರು. ಮಗನ ಕೆಲಸ ಹೊಸ ಸ್ಟಾರ್ಟಪ್ಪಿನಲ್ಲಿ. ಚೆಲುವಾಂಬಳ ಗಂಡ ಯೋಗಾನಂದ ಆಫೀಸಿನಲ್ಲೇ ಮಂಚ ಹಾಕಿಕೊಂಡಿದ್ದ ಕಾಲ. ಬಾಣಂತಿ ಕಾರಣವಿಲ್ಲದೆ ಅಳುತ್ತಿದ್ದಳು. ಅನ್ನ ಕಲಸಿಕೊಂಡು ಮುಂದಿಟ್ಟುಕೊಂಡೇ ಕೂತಿರುತ್ತಿದ್ದಳು. ಒಂದು ದಿನ ಹಾಲು ಒಲೆಯ ಮೇಲಿಟ್ಟು ಮರೆತಳು. ಪಾತ್ರೆ ಕರಕಾಗಿ ಹೊಗೆಯ ಅಲಾರಮ್ಮು ಹೊಡೆದುಕೊಂಡು, ಬೆಂಕಿ ಆರಿಸುವ ಕೆಂಪು ಲಾರಿ ಬಂದು, ಇಡೀ ಬಿಲ್ಡಿಂಗಿನವರೆಲ್ಲ ಹೊರಗೆ ನಿಂತು ನೋಡಿದ್ದೆವು. ಮಗು ಒಳಗಿನ ರೂಮಿನಲ್ಲಿ ನಿದ್ದೆ ಮಾಡುತ್ತಿತ್ತು. ಏನೂ ಆಗಿರಲಿಲ್ಲ. ಆದರೂ ಆ ಸಂಜೆ ಅವರ ಮನೆಯ ಸೋಫಾದ ಮೇಲೆ ಎಲ್ಲರೂ ಕೂತು ತೀರ್ಮಾನ ಮಾಡಿದರು. ಮಗುವನ್ನು ಬೋರಮ್ಮನವರು ಜೊತೆಗೆ ಕರೆದೊಯ್ಯುವುದು. ಎರಡು ತಿಂಗಳ ಮಟ್ಟಿಗೆ. ನಾನೂ ನನ್ನ ಗಂಡ ತಿರುಮಲೇಶನೂ ಆ ಸೋಫಾದ ಮೇಲಿದ್ದೆವು. "ಪಾಪ, ಅವಳಿಗೂ ಸ್ವಲ್ಪ ರೆಸ್ಟು ಸಿಗುತ್ತೆ," ಎಂದು ನಾನೇ ಹೇಳಿದ ನೆನಪು.

ಎರಡು ತಿಂಗಳು ಯುಗಾದಿಯಾಯಿತು, ದಸರಾ ಆಯಿತು, ಇನ್ನೊಂದು ಯುಗಾದಿ ಬರುವುದರಲ್ಲಿತ್ತು. ಕಂಪನಿಯ ಐಪಿಒ ಆಗಲಿ, ಷೇರು ಪೇಟೆಗೆ ಬಂದು ನಾಲ್ಕು ಕಾಸಾಗಲಿ, ನಾವಿಬ್ಬರೂ ಹೋಗಿ ಕರ್ಕೊಂಡು ಬರೋಣ ಎನ್ನುತ್ತಿದ್ದ ಯೋಗಾನಂದ. ಐಪಿಒ ಮುಂದೆ ಹೋಗುತ್ತಲೇ ಇತ್ತು. ಒಬ್ಬಳೇ ಹೋಗುತ್ತೇನೆ ಎಂದರೆ ಸ್ಟ್ಯಾಂಪಿಂಗಿನ ತೊಂದರೆ. ಚೆನ್ನೈನಲ್ಲಿ ವೀಸಾ ಮುದ್ರೆ ಬೀಳದೆ ಅಲ್ಲೇ ಉಳಿದುಹೋದ ಹೆಂಡತಿಯರ ಕಥೆ ಎಲ್ಲರ ಹತ್ತಿರವೂ ಒಂದೊಂದಿತ್ತು. ಚೆಲುವಾಂಬ ವಾದ ಮಾಡುತ್ತಿರಲಿಲ್ಲ. ಭಾನುವಾರ ಕಾಲಿಂಗ್ ಕಾರ್ಡ್ ಉಜ್ಜಿ, ಉದ್ದದ ನಂಬರು ಒತ್ತಿ, ಊರಿನ ಫೋನಿನವರ ಅಂಗಡಿಗೆ ಮಾಡುತ್ತಿದ್ದಳು. ಅವರು ಹೋಗಿ ಬೋರಮ್ಮನವರನ್ನು ಕರೆದು ತರುವಷ್ಟರಲ್ಲಿ ಅರ್ಧ ಕಾರ್ಡು ಮುಗಿದಿರುತ್ತಿತ್ತು. "ಹಲೋ ಅನ್ನು, ಹಲೋ ಅನ್ನವ್ವ," ಎಂದು ಆ ಕಡೆ ಬೋರಮ್ಮ ಪುಸಲಾಯಿಸುವುದು, ಮಗುವಿನ ಉಸಿರಾಟ, ಮತ್ತೆ ಕಾರ್ಡು ಮುಗಿಯಿತೆನ್ನುವ ರೆಕಾರ್ಡಿನ ಹೆಂಗಸಿನ ಇಂಗ್ಲಿಷು. ಅಷ್ಟೇ.

ಅವಳು ಇದನ್ನು ಯಾರ ಮುಂದೂ ಆಡಿಕೊಳ್ಳುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಸೇರುವ ಕನ್ನಡದವರ ಯಾವ ಪಾಟ್‌ಲಕ್ಕಿಗೆ ಹೋದರೂ ಅವಳ ತಾಳ್ಮೆಯ ಮಾತು. ಪಾಪ, ಎಷ್ಟು ಸಹಿಸ್ಕೊಂಡಿದ್ದಾಳೆ. ಪಾಪ, ನಾನಾಗಿದ್ರೆ ಹುಚ್ಚಿಯಾಗ್ತಿದ್ದೆ. ದೂರದ ಪ್ಲೆಸೆಂಟನ್‌ನಿಂದ ಬರುವ ಹೆಂಗಸರು ಸಹ ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ಹೋಗುತ್ತಿದ್ದರು. ಅವಳು ನಕ್ಕು ತಲೆ ತಗ್ಗಿಸುತ್ತಿದ್ದಳು. ಆ ತಗ್ಗಿಸಿದ ಮುಖ ನನಗೆ ತುಂಬಾ ಚೆಂದ ಕಾಣುತ್ತಿತ್ತು.

ಚರ್ಚಿನ ಹಾಲಿನಲ್ಲಿ ನಾನು ಅವಳ ಪಕ್ಕ ಕೂರುತ್ತಿದ್ದೆ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳು ಅವಳು ಓದಿ ಮುಗಿಸುವಷ್ಟರಲ್ಲಿ ಮಾಯವಾಗುತ್ತಿದ್ದವು. ಅವಳು ಕನ್ನಡ ಮೀಡಿಯಮ್ಮಿನಲ್ಲಿ ಬಿ.ಎ. ಮಾಡಿದವಳು, ಇಂಗ್ಲಿಷು ಬರುತ್ತಿತ್ತು, ಆದರೆ ನಿಧಾನ. ಹಿಮದ ಮೇಲೆ ಬಿಳಿ ಅಕ್ಷರ ಬಂದರಂತೂ ಯಾರಿಗೂ ಕಾಣುತ್ತಿರಲಿಲ್ಲ. ಹಾಗಾಗಿ ನಾನು ಪಿಸುಮಾತಿನಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ಪೂರ್ತಿ ವಾಕ್ಯ ಹೇಳಲು ಸಮಯವಿರುತ್ತಿರಲಿಲ್ಲ. "ಸುಳ್ಳು ಅಂತಿದ್ದಾನೆ." "ದೇವರಾಣೆ." "ಹೊರಗೆ ಹೋಗು." ಹೀಗೆ, ಒಂದೊಂದು ಮಾತು.

ಮಾರ್ಚಿ ತಿಂಗಳ ಕೊನೆಯ ಬುಧವಾರ ತೋರಿಸಿದ್ದು ಒಬ್ಬ ಅಂಬಿಗನ ವಿಧವೆಯ ಕಥೆ. ಉತ್ತರದ ಯಾವುದೋ ದೇಶ, ಸುತ್ತ ಹಿಮ, ನಡುವೆ ಒಂದು ಕಪ್ಪು ಸರೋವರ. ಗಂಡ ಸತ್ತ ಮೇಲೆ ದೋಣಿಯನ್ನು ಅವಳೇ ನಡೆಸುತ್ತಾಳೆ. ಬಿರುಗಾಳಿಯಲ್ಲಿ ದೋಣಿ ಮಗುಚಿ ಊರಿನ ಜನ ಸಾಯುತ್ತಾರೆ, ಇವಳೊಬ್ಬಳು ಬದುಕುತ್ತಾಳೆ. ಬದುಕಿದ್ದೇ ತಪ್ಪಾಗುತ್ತದೆ. ಊರಿನ ಹಿರಿಯರು ಮರದ ಬೆಂಚುಗಳ ಮೇಲೆ ಕೂತು ವಿಚಾರಣೆ ಮಾಡುತ್ತಾರೆ. ಅವರಲ್ಲಿ ಮುಖ್ಯನಾದವನು ಒಬ್ಬ ಮುದುಕ. ಬೆಳ್ಳಗಿನ ಗಡ್ಡ, ತುಂಬಿದ ಕಣ್ಣು, ನಮ್ಮ ಕಡೆಯ ಯಾವುದಾದರೂ ಒಳ್ಳೆಯ ಮನೆತನದ ತಾತನ ಹಾಗೆ. ಅವನು ಅವಳ ಕಡೆ ನೋಡಿ, ನಿಟ್ಟುಸಿರು ಬಿಟ್ಟು, ಒಂದೇ ಒಂದು ಶಬ್ದ ಹೇಳುತ್ತಾನೆ. ಕೆಳಗೆ ಅದರ ಇಂಗ್ಲಿಷು ಬಂತು.

"ಪಾಪ," ಎಂದು ನಾನು ಪಿಸುಗುಟ್ಟಿದೆ.

ಚೆಲುವಾಂಬ ತಲೆದೂಗಿದಳು.

ವಿಚಾರಣೆ ಮುಂದುವರಿಯಿತು. ಅವಳ ಕೈಗೆ ಹಗ್ಗ ಬಿಗಿದರು. ಮುದುಕ ಮತ್ತೆ ಅದೇ ಶಬ್ದ. "ಪಾಪ," ಅಂದೆ. ಕೊನೆಗೆ ಅವಳನ್ನು ಅವಳದೇ ದೋಣಿಯಲ್ಲಿ ಕೂರಿಸಿ ಸರೋವರದ ನಡುವಿನ ಬೋಳು ಬಂಡೆಗೆ ಒಯ್ದು ಬಿಟ್ಟು ಬರುತ್ತಾರೆ. ದಡದಲ್ಲಿ ನಿಂತ ಮುದುಕ ಟೋಪಿ ತೆಗೆದು, ಕಣ್ಣೊರೆಸಿಕೊಂಡು, ಇನ್ನೊಮ್ಮೆ ಹೇಳಿದ. ನಾನೂ ಇನ್ನೊಮ್ಮೆ ಹೇಳಿದೆ. ಹಿಮ ಬೀಳತೊಡಗಿತು. ಕ್ಯಾಮೆರಾ ಮುಖದ ಹತ್ತಿರ ಹೋಯಿತು. ರೆಪ್ಪೆಯ ಮೇಲೆ ಹಿಮದ ಹುಡಿ ಕೂತು ಕರಗದೆ ಉಳಿಯುವವರೆಗೆ ಅಲ್ಲಿಂದ ಅಲುಗಲಿಲ್ಲ. ನನ್ನ ಕಣ್ಣು ತುಂಬಿತ್ತು. ಮಿಸೆಸ್ ಲುಂಡ್ ದೀಪ ಹಾಕಿದಾಗ ಅವರೂ ಮೂಗೊರೆಸಿಕೊಳ್ಳುತ್ತಿದ್ದರು.

ವ್ಯಾನು ಚರ್ಚಿನ ಪಾರ್ಕಿಂಗಿನಿಂದ ಹೊರಟು ಮೊದಲನೇ ಸಿಗ್ನಲ್ ದಾಟಿರಲಿಲ್ಲ, ಹಿಂದಿನಿಂದ ಚೆಲುವಾಂಬ ಮಾತಾಡಿದಳು.

"ಆ ಮುದುಕನ್ನ ನೋಡಿದ್ರಾ ವಸಕ್ಕ? ನಂಗೆ ಅವನ ಮೇಲೇ ಕ್ವಾಪ ಬಂದದ್ದು. ಮಿಕ್ಕೋರು ಸರಿ, ಕಟುಕ್ರು. ಇವನು ಮೂರ್ ಮೂರ್ ಸಲ ಪಾಪ ಪಾಪ ಅಂದ. ಕಣ್ಣೀರೂ ಹಾಕ್ದ. ಒಂದ್ ಸಲಾನಾದ್ರೂ ಎದ್ದು ಹಗ್ಗ ಬಿಚ್ಚುದ್ನಾ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಯ್ಯೋ ಚೆಲುವಿ, ಆ ಪಾಪ ಅಲ್ಲ ಕಣೆ. ಅವನು ಅಯ್ಯೋ ಪಾಪ ಅಂತ ಅನ್ನಲಿಲ್ಲ. ಪಾಪ, ಅಂದ್ರೆ ಪಾಪ ಪುಣ್ಯದ ಪಾಪ. ಇವಳು ಪಾಪ ಮಾಡಿದ್ದಾಳೆ, ಅಂತ."

ಆಪಾ ನಗಲು ಶುರುಮಾಡಿದರು. ನಕ್ಕರು ನಕ್ಕರು, ಸ್ಟಿಯರಿಂಗ್ ಮೇಲೆ ತಲೆ ಇಟ್ಟು, ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ವ್ಯಾನನ್ನು ಒಂದು ಡೋನಟ್ ಅಂಗಡಿಯ ಮುಂದೆ ನಿಲ್ಲಿಸಿದರು. "ಏನ್ರೀ ಭಾಷೆ ಇದು ನಿಮ್ಮದು! ಗಲ್ಲಿಗೇರಿಸೋದಕ್ಕೂ ಅದೇ ಮಾತು, ಕಣ್ಣೀರು ಒರೆಸೋದಕ್ಕೂ ಅದೇ ಮಾತು! ನಮ್ಮಲ್ಲಿ ಗುನಾಹ್ ಅಂದ್ರೆ ಗುನಾಹ್, ಬೇಚಾರಿ ಅಂದ್ರೆ ಬೇಚಾರಿ. ವಸು, ನೀನು ಇಡೀ ಸಿನಿಮಾ ಉಲ್ಟಾ ಮಾಡಿಟ್ಟಿದ್ದೀಯ ಅವಳಿಗೆ."

"ನಿಮ್ಮದು ಅಂತೆ. ನೀವು ಮೈಸೂರಲ್ಲಿ ಹುಟ್ಟಿದ್ದಲ್ವಾ?"

"ಹುಟ್ಟಿದ್ದು ಮೈಸೂರೇ. ಅದಕ್ಕೆ ನಾನೂ ನೀನಂದಿದ್ದು ಕೇಳಿಸ್ಕೊಂಡು ಸುಮ್ನಿದ್ದೆ. ಎಂಥ ಒಳ್ಳೆ ಮುದುಕ ಅಂದ್ಕೊಂಡೆ!"

ನಾನೂ ನಗತೊಡಗಿದೆ. ಚೆಲುವಾಂಬಳೂ ನಕ್ಕಳು, ಬಾಯಿಗೆ ಸೆರಗಿಲ್ಲದೆ ಸ್ವೆಟರಿನ ತೋಳು ಅಡ್ಡ ಹಿಡಿದುಕೊಂಡು. ಗಾಜಿನ ಮೇಲೆ ತುಂತುರು ಬೀಳುತ್ತಿತ್ತು. ಡೋನಟ್ ಅಂಗಡಿಯ ಗುಲಾಬಿ ದೀಪ ಒಳಗೆಲ್ಲ ಬಿದ್ದಿತ್ತು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಅಷ್ಟು ನಕ್ಕಿದ್ದು ಆ ದೇಶಕ್ಕೆ ಬಂದ ಮೇಲೆ ಅದೇ ಮೊದಲಿರಬೇಕು.

ನಗು ಇಳಿಯುವಾಗ ಚೆಲುವಾಂಬ ಹೇಳಿದಳು, "ನಮ್ ಕಡೆ ಕೂಸಿಗೂ ಪಾಪ ಅಂತೀವಿ."

ಆಪಾ ಕಣ್ಣೊರೆಸಿಕೊಂಡು ಹಿಂದಕ್ಕೆ ತಿರುಗಿದರು.

"ಪಾಪ ಮಲಗ್ತಾ, ಪಾಪ ಹಾಲು ಕುಡೀತಾ, ಅಂತ. ನಿಮ್ಮಲ್ಲಿ ಪಾಪು ಅಂತೀರೇನೋ. ನಾವು ಪಾಪ ಅಂತೀವಿ." ಅವಳು ಬಾಸ್ಮತಿ ಚೀಲದ ಹೊಲಿಗೆಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನನ್ನ ನೋಡಿದೋರೆಲ್ಲಾ ಪಾಪ ಅಂತಾರಲ್ಲ ವಸಕ್ಕ, ಅದು ಯಾವ್ದು? ಹಾಲು ಸೀಯಿಸಿದ್ ಪಾಪಾನಾ, ಅಯ್ಯೋ ಪಾಪಾನಾ? ಎರಡರಲ್ಲಿ ಯಾವ್ದಾದ್ರೂ ಇರ್ಲಿ. ನಂಗೆ ಅವೆರಡೂ ಬ್ಯಾಡ. ಮೂರ್ನೇದು ಬೇಕು."

ಆಪಾ ವ್ಯಾನು ಶುರುಮಾಡಿದರು. ನಮ್ಮ ಬಿಲ್ಡಿಂಗಿನ ಮುಂದೆ ಇಳಿಯುವಾಗ ಆಪಾ ಅವಳ ಕೈ ಹಿಡಿದುಕೊಂಡು, "ಮನೇಲಿ ಹೇಳಿದ್ದೀಯಾ ಇದನ್ನ?" ಎಂದರು.

"ಏನ್ ಹೇಳಾದು? ಅವರಿಗೆ ಗೊತ್ತಿಲ್ವಾ?"

"ಗೊತ್ತಿರೋದು ಬೇರೆ ಕಣಮ್ಮ. ಕೇಳಿಸೋದು ಬೇರೆ."

ಯುಗಾದಿಯಾದ ಮೇಲಿನ ಶನಿವಾರ ನಮ್ಮ ಕ್ಲಬ್‌ಹೌಸಿನಲ್ಲಿ ಪಾಟ್‌ಲಕ್ಕು. ಷೇರು ಪೇಟೆ ಅಲುಗಾಡಲು ಶುರುವಾಗಿ ಕೆಲವು ವಾರವಾಗಿತ್ತು. ಗಂಡಸರು ಒಂದು ಮೂಲೆಯಲ್ಲಿ ಗುಂಪಾಗಿ ದನಿ ತಗ್ಗಿಸಿ ಮಾತಾಡುತ್ತಿದ್ದರು, ತಟ್ಟೆಯಲ್ಲಿ ಒಬ್ಬಟ್ಟು ಆರುತ್ತಿತ್ತು. ಬೇವು ಸಿಗದೆ ಯಾರೋ ಮೆಂತ್ಯದ ಸೊಪ್ಪನ್ನೇ ಬೆಲ್ಲದ ಜೊತೆ ಹಂಚಿದ್ದರು. ಎವರ್‌ಗ್ರೀನ್‌ನಿಂದ ಬಂದಿದ್ದ ಒಬ್ಬ ಹಿರಿಯರು, ಶೇಷಗಿರಿಯವರು, ಹೊಸಬರು, ಯೋಗಾನಂದನನ್ನು ಕೇಳಿದರು: "ಮಕ್ಕಳೆಷ್ಟಪ್ಪ?"

"ಒಬ್ಬಳೇ ಸಾರ್. ಊರಲ್ಲಿದ್ದಾಳೆ, ನಮ್ಮಮ್ಮನ ಹತ್ರ. ಐಪಿಒ ಆಗ್ಬಿಡ್ಲಿ ಅಂತ ಕಾಯ್ತಿದ್ದೀವಿ."

"ಅಷ್ಟು ಸಣ್ಣ ಮಗೂನ ಬಿಟ್ಟು ಹೆಂಡ್ತಿ ಹೇಗಿದ್ದಾರೆ?"

ಯೋಗಾನಂದ ಹೆಂಗಸರ ಕಡೆ ತಿರುಗಿದ. ಅವನ ಮುಖದಲ್ಲಿ ಇದ್ದದ್ದು ನಿಜವಾದ ಹೆಮ್ಮೆ. ಅವನು ಕೆಟ್ಟವನಲ್ಲ, ಕಣ್ಣ ಕೆಳಗೆ ಕಪ್ಪಾಗಿ, ಕೂದಲುದುರಿ, ಆ ವರ್ಷ ಹತ್ತು ವರ್ಷ ಮುದುಕನಾಗಿದ್ದ. "ಪಾಪ, ಅವಳು ಬಂಗಾರ ಸಾರ್. ಇಷ್ಟು ದಿನದಲ್ಲಿ ಒಂದು ಸಲಾನೂ ಕೇಳಿಲ್ಲ."

ಒಬ್ಬಟ್ಟಿನ ತಟ್ಟೆ ಹಿಡಿದು ನಿಂತಿದ್ದ ಚೆಲುವಾಂಬ ತಲೆ ತಗ್ಗಿಸಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಕೆಂಪಾಗಿತ್ತು, ಹಣೆಯಲ್ಲಿ ಬೆವರಿತ್ತು, ಮೂಗು ಸ್ವಲ್ಪ ಅರಳಿತ್ತು. ಚೆಂದವಾಗಿಯೇನೂ ಇರಲಿಲ್ಲ.

"ಈಗ ಕೇಳ್ತಿವ್ನಿ," ಅಂದಳು.

"ಏನು?"

"ನನ್ ಪಾಪ ನಂಗೆ ಬೇಕು."

"ಚೆಲುವಿ, ಮನೇಗ್ ಹೋಗಿ ಮಾತಾಡೋಣ."

"ಮನೇಲಿ ಯಾರವ್ರೆ ಮಾತಾಡಕ್ಕೆ? ನೀವೂ ಇರಲ್ಲ, ಪಾಪಾನೂ ಇಲ್ಲ. ಇಲ್ಲೇ ಹೇಳ್ತೀನಿ. ಐಪಿಒ ಆದಾಗ ಆಗ್ಲಿ. ಸ್ಟ್ಯಾಂಪಿಂಗ್ ಆಗ್ದಿದ್ರೆ ಅಲ್ಲೇ ಇರ್ತೀನಿ, ನೀವೇ ಬನ್ನಿ. ನಾನು ಹೋಯ್ತೀನಿ."

ಯಾರೋ ಹಿಂದಿನಿಂದ, ಅಭ್ಯಾಸಬಲದಿಂದಲೇ ಇರಬೇಕು, "ಅಯ್ಯೋ ಪಾಪ..." ಎಂದರು.

ಚೆಲುವಾಂಬ ತಿರುಗಿದಳು. "ಹಂಗನ್ಬ್ಯಾಡಿ ಅಕ್ಕ. ನಿಮಗೆ ನನ್ ಮೇಲೆ ಅಷ್ಟು ಪ್ರೀತಿ ಇದ್ರೆ ಏರ್‌ಪೋರ್ಟಿಗೆ ಬಿಡಿ ನನ್ನ."

"ನಾನ್ ಬಿಡ್ತೀನಿ," ಎಂದರು ಬಾಗಿಲ ಹತ್ತಿರ ಕೂತಿದ್ದ ಆಪಾ, ಬಾಯಲ್ಲಿ ಒಬ್ಬಟ್ಟು ಇಟ್ಟುಕೊಂಡೇ. "ಈರುಳ್ಳಿ ವಾಸನೆ ಪರವಾಗಿಲ್ಲ ಅಂದ್ರೆ."

ಅವಳು ಹೋದದ್ದು ಮೇ ತಿಂಗಳಲ್ಲಿ. ವ್ಯಾನಿನಲ್ಲಿ ಯೋಗಾನಂದನೂ ಬಂದಿದ್ದ, ಅಕ್ಕಿ ಚೀಲದ ಪಕ್ಕ ನೆಲದ ಮೇಲೆ, ಸೂಟ್‌ಕೇಸನ್ನು ಮಡಿಲಲ್ಲಿಟ್ಟುಕೊಂಡು. ಇಡೀ ದಾರಿ ಅವನು ಹೇಳಿದ್ದು ಪೇಪರುಗಳ ಮಾತೇ. ಯಾವ ಕವರಿನಲ್ಲಿ ಏನಿದೆ, ಚೆನ್ನೈನಲ್ಲಿ ಏನು ಕೇಳಿದರೆ ಏನು ಹೇಳಬೇಕು. ಅವಳು ಹೂಂ ಹೂಂ ಎನ್ನುತ್ತಿದ್ದಳು. ಗೇಟಿನವರೆಗೆ ಜೊತೆಗೆ ಹೋಗಬಹುದಾಗಿದ್ದ ಕಾಲ ಅದು. ವಿಮಾನದ ಬಾಗಿಲು ಮುಚ್ಚುವವರೆಗೆ ಗಾಜಿನ ಹತ್ತಿರ ನಿಂತಿದ್ದೆವು.

ಆ ಬೇಸಿಗೆ ಯೋಗಾನಂದ ವಾರಕ್ಕೆರಡು ಸಲ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ಒಂದು ದಿನ ಮಜ್ಜಿಗೆ ಕಲಸಿಕೊಳ್ಳುತ್ತಾ ಕೇಳಿದ, "ವಸುಮತಿಯವರೇ, ಅವಳು ಮುಂಚೇನೇ ಕೇಳಿದ್ದಿದ್ರೆ ನಾನು ಬೇಡ ಅಂತಿದ್ನಾ?"

"ಅಂತಿದ್ರಿ," ಅಂದೆ.

ಅವನು ಕಲಸುವುದನ್ನು ನಿಲ್ಲಿಸಿ, "ಅಂತಿದ್ದೆ," ಎಂದ. ತಿರುಮಲೇಶ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ.

ನಾನೂ ಆಪಾನೂ ಬುಧವಾರಕ್ಕೆ ಹೋಗುತ್ತಲೇ ಇದ್ದೆವು. ಆದರೆ ಚಿತ್ರಗಳು ನನಗೆ ಮೊದಲಿನ ಹಾಗೆ ಕಾಣಲಿಲ್ಲ. ಹೊಳೆಯುವ ಮುಖ ಬಂದಾಗ ನಾನು ಅದರ ಅಂಚಿನಲ್ಲಿ ಇರುವುದನ್ನು ಹುಡುಕುತ್ತಿದ್ದೆ: ಬೆಂಚಿನ ಮೇಲೆ ಕೂತವರು, ಟೋಪಿ ತೆಗೆದವರು, ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವ ಅಕ್ಕಪಕ್ಕದ ಹೆಂಗಸರು. ಪ್ರತಿ ಚಿತ್ರದಲ್ಲೂ ಅಂಥವರು ಒಬ್ಬಿಬ್ಬರಿರುತ್ತಿದ್ದರು. ಒಮ್ಮೆ ಕಾಫಿ ಕುಡಿಯುವಾಗ ಮಿಸೆಸ್ ಲುಂಡ್ ಅವರಿಗೆ ಇದನ್ನು ಹೇಳಿದೆ. ಅವರು ಬನ್ನಿನ ಚೂರನ್ನು ಬೆರಳಿಂದ ಒತ್ತಿ ತೆಗೆಯುತ್ತಾ, "ನಲವತ್ತು ವರ್ಷದಿಂದ ನಾನು ಮುಖಾನೇ ನೋಡ್ತಿದ್ದೀನಿ, ಯಾಕಂದ್ರೆ ಅದು ಸುಲಭ," ಎಂದರು. ಆಮೇಲೆ, "ನಿಮ್ಮ ಆ ಸಣ್ಣ ಗೆಳತಿ ಎಲ್ಲಿ? ಅವಳ ಮುಖ ಕೂಡ ಎಷ್ಟು..." ಎನ್ನುವುದರೊಳಗೆ ಆಪಾ, "ಮಗು ತರೋಕೆ ಹೋಗಿದ್ದಾಳೆ," ಎಂದುಬಿಟ್ಟರು.

ಚೆಲುವಾಂಬ ವಾಪಸು ಬಂದದ್ದು ದೀಪಾವಳಿಯ ಹೊತ್ತಿಗೆ. ಮುದ್ರೆ ಮೊದಲನೇ ಸಲ ಬೀಳಲಿಲ್ಲ, ಎರಡನೇ ಸಲ ಬಿತ್ತು. ಬೋರಮ್ಮ ಜಗಳ ಮಾಡುತ್ತಾರೆಂದು ಹೆದರಿಕೊಂಡೇ ಹೋಗಿದ್ದಳಂತೆ. ಬಸ್ಸಿಳಿದು ಮನೆಯ ಹೊಸಿಲು ದಾಟುವಾಗ ಬೋರಮ್ಮ ಮಾಡುತ್ತಿದ್ದ ರೊಟ್ಟಿ ಬಿಟ್ಟೆದ್ದು, "ಸದ್ಯ ಬಂದ್ಯಲ್ಲವ್ವ. ನಿನಗೆ ಕೂಸು ಬ್ಯಾಡವಾಗದೆ ಅಂದ್ಕಂಡಿದ್ದೆ ಕನವ್ವ. ಪಾಪ, ಅವಳ ಕೈಲಿ ಆಗಲ್ಲ ಅಂತಲೇ ಅಲ್ವಾ ನನ್ ಮಗ ಹೇಳ್ತಿದ್ದುದು," ಎಂದರಂತೆ. ಹೊರಡುವ ದಿನ ಅವರು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲವಂತೆ. ಇದನ್ನು ಹೇಳುವಾಗ ಮಾತ್ರ ಚೆಲುವಾಂಬ ಅತ್ತಳು.

ಮಗುವಿಗೆ ಬೋರಮ್ಮನೇ ಅವ್ವ. ಎದುರಿಗಿದ್ದ ಈ ಹೆಂಗಸು ಯಾರೆಂದು ಅದಕ್ಕೆ ಎಷ್ಟು ಹೇಳಿದರೂ ಅಷ್ಟಾಗಿ ಒಪ್ಪಿಗೆಯಿರಲಿಲ್ಲ. ಅಜ್ಜಿ ಅವಳನ್ನು ಕರೆಯುತ್ತಿದ್ದುದನ್ನು ಕೇಳಿಕೊಂಡು ಅದೂ ಹೆಸರು ಹಿಡಿದೇ ಕರೆಯುತ್ತಿತ್ತು. ಗ್ರೋಸರಿ ಅಂಗಡಿಯ ಸಾಲುಗಳ ನಡುವೆ, "ಏ ಚೆಲುವೀ, ಬಾ ಇಲ್ಲಿ," ಎಂದು ಮೂರಡಿಯ ಹುಡುಗಿ ಕೂಗಿದರೆ ಮೆಹಬೂಬ್ ಸಾಬರು ಕೌಂಟರಿನ ಹಿಂದೆ ನಗು ತಡೆಯಲಾರದೆ ಬಗ್ಗಿ ಕೂತುಕೊಳ್ಳುತ್ತಿದ್ದರು. ಅಮ್ಮ ಅನ್ನು ಎಂದು ನಾವೆಲ್ಲ ಹೇಳಿಕೊಡಲು ಹೋದೆವು. ಚೆಲುವಾಂಬ ಬೇಡವೆಂದಳು. "ಕರೀತದಲ್ಲ, ಸಾಕು. ಅದರ ಪಾಡಿಗೆ ಬತ್ತದೆ."

ಸುಲಭವಾಗಿರಲಿಲ್ಲ. ಮಗು ರಾಗಿ ಮುದ್ದೆ ಬಿಟ್ಟು ಏನೂ ತಿನ್ನುತ್ತಿರಲಿಲ್ಲ. ಅವ್ವನ ಹತ್ತಿರ ಹೋಗಬೇಕೆಂದು ಹಟ ಹಿಡಿದು ಕಾರ್ಪೆಟ್ಟಿನ ಮೇಲೆ ಹೊರಳುತ್ತಿತ್ತು, ಚೆಲುವಾಂಬಳ ಕೈ ಕಚ್ಚಿ ಹಲ್ಲಿನ ಗುರುತು ಮೂಡಿಸಿತ್ತು. ಯೋಗಾನಂದನ ಕಂಪನಿ ಆ ಚಳಿಗಾಲದಲ್ಲಿ ಮುಚ್ಚಿಹೋಯಿತು. ಐಪಿಒ ಎಂಬ ಮಾತು ಆಮೇಲೆ ಆ ಮನೆಯಲ್ಲಿ ಕೇಳಲಿಲ್ಲ. ಹೊಸ ಕೆಲಸ ಸಿಗುವವರೆಗೆ ಅವನು ಮನೆಯಲ್ಲೇ ಇದ್ದು, ಮಗಳಿಗೆ ಎರಡು ಜಡೆ ಹಾಕುವುದನ್ನು ಕಲಿತ. ಒಂದು ಮೇಲೆ, ಒಂದು ಕೆಳಗೆ. ಹುಡುಗಿ ಹಾಗೇ ಪಾರ್ಕಿಗೆ ಬರುತ್ತಿತ್ತು.

ಮುಂದಿನ ವಸಂತದಲ್ಲಿ ಚೆಲುವಾಂಬ ಒಂದು ಬುಧವಾರ ತಾನೂ ಬರುತ್ತೇನೆಂದಳು, ಮಗುವನ್ನು ಕರೆದುಕೊಂಡು. ಬೇಡ ಎಂದೆವು, ಕೇಳಲಿಲ್ಲ. ಅಂದಿನ ಚಿತ್ರ ಯಾವುದೋ ಮಠದಲ್ಲಿ ನಡೆಯುವುದು. ಒಬ್ಬ ಹುಡುಗಿಯನ್ನು ಎಲ್ಲರೂ ಅನುಮಾನಿಸುತ್ತಾರೆ, ಅವಳು ಮಾತಾಡುವುದಿಲ್ಲ, ಉಪವಾಸ ಬೀಳುತ್ತಾಳೆ. ಮಗು ಅರ್ಧ ಚಿತ್ರ ಬನ್ನು ತಿನ್ನುತ್ತಾ ಸುಮ್ಮನಿತ್ತು. ನಾನು ಚೆಲುವಾಂಬಳ ಕಿವಿಯಲ್ಲಿ ಸಾಲುಗಳನ್ನು ಹೇಳುತ್ತಿದ್ದೆ, ಈ ಸಲ ಒಂದೊಂದು ಮಾತಿಗೂ ಎಚ್ಚರದಿಂದ. ಪರದೆಯ ಮೇಲೆ ಹುಡುಗಿ ಕಲ್ಲಿನ ನೆಲದ ಮೇಲೆ ಮಲಗಿದಳು. ಕಿಟಕಿಯಿಂದ ಬೆಳಕು ಇಳಿಯಿತು. ಕ್ಯಾಮೆರಾ ಹತ್ತಿರ ಹೋಗಲು ಶುರುವಾಯಿತು.

"ಚೆಲುವೀ," ಎಂದು ಮಗು ಗಟ್ಟಿಯಾಗಿ ಕೂಗಿತು. "ಉಚ್ಚೆ ಬತ್ತದೆ."

ಆಪಾ ಗೊಳ್ಳೆಂದರು. ಮುಂದಿನ ಸಾಲಿನ ಬಿಳಿ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಚೆಲುವಾಂಬ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಬಗ್ಗಿಕೊಂಡು, ಪ್ರೊಜೆಕ್ಟರಿನ ಬೆಳಕಿನ ಅಡಿಯಲ್ಲೇ ಬಾಗಿಲ ಕಡೆ ಓಡಿದಳು. ಅವಳ ಬ್ಯಾಗು, ಮಗುವಿನ ಶೂ, ನೀರಿನ ಬಾಟಲಿ ಎಲ್ಲ ಎತ್ತಿಕೊಂಡು ನಾನು ಹಿಂದೆ ಹೋದೆ. ನನ್ನ ಹಿಂದೆ ಆಪಾ.

ಬಾತ್‌ರೂಮಿನಿಂದ ಬಂದ ಮಗು ಒಳಗೆ ಬರಲೊಪ್ಪಲಿಲ್ಲ. ಚರ್ಚಿನ ಹಿಂದಿನ ಹುಲ್ಲಿನ ಮೇಲೆ ಶೂ ಇಲ್ಲದೆ ಓಡತೊಡಗಿತು. ಬಿಸಿಲಿತ್ತು. ನಾವು ಮೂವರೂ ಮೆಟ್ಟಿಲ ಮೇಲೆ ಕೂತೆವು. ಗೋಡೆಯ ಆಚೆಯಿಂದ ಪ್ರೊಜೆಕ್ಟರಿನ ಸದ್ದು ಸಣ್ಣಗೆ ಕೇಳುತ್ತಿತ್ತು. ಆ ಹುಡುಗಿಗೆ ಏನಾಯಿತೋ ನಾವು ಯಾರೂ ನೋಡಲಿಲ್ಲ.